ಕರೆಂಟ್ ಗಾಡಿಯ ಮೀನಿನಕ್ಕ

ಹೋದ ವಾರ ಕೊಕ್ಕರ್ಣೆಯಿಂದ ಫೋನ್ ಬಂತು. ಅಲ್ಲಿನ ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತಿದ್ದಾಗ ಬಾಡಿಗೆಗಿದ್ದ ಮನೆಯ ಪಕ್ಕದ ದೊಡ್ಡಮ್ಮನದು.

"ಟೀಚರ್, ನಮ್ಮ್ ಮೀನಿನಕ್ಕ ಇನ್ ಮೇಲೆ ಈ ಬದಿಗ್ ಬತ್ತಿಲ್ಲೆ ಅಂಬ್ರ್. ಬಾರ್ಕೂರ್ ಪೇಟೆಯಂಗೇ ಕೂಕಂಡ್ ಮಾರ್ತ್ರಂಬ್ರ್."

"ಎಂತಕ್ಕೆ, ಹುಷಾರಿಲ್ಯಾ?"

"ಹುಷಾರಿದ್ರ್. ತಿರ್ಗಿದ್ದ್ ಸಾಕ್ ಅಂದ್ರ್, ಅಷ್ಟೇ."

ಫೋನ್ ಇಟ್ಟ ಮೇಲೆ ನನಗೆ ಬೇಸರವಾಗುವ ಬದಲು ಒಂದು ಬಗೆಯ ಹೆಮ್ಮೆಯಾಯಿತು. ಸಾಕು ಅಂದದ್ದು ಅವರೇ. ಎದೆಯ ಕಾಯಿಲೆ ಅವರನ್ನು ನಿಲ್ಲಿಸಲು ನೋಡಿತ್ತು, ಮನೆಯವರೂ ನೋಡಿದ್ದರು. ಆಗ ನಿಲ್ಲದವರು ಈಗ ತಮಗೆ ಬೇಕೆನಿಸಿದ ದಿನ ನಿಂತಿದ್ದಾರೆ.

ಅವರ ಬಗ್ಗೆ ಬರೆಯುತ್ತೇನೆಂದು ಒಮ್ಮೆ ಹೇಳಿದ್ದೆ. "ಬರೀನಿ. ಹೆಸ್ರ್ ಹಾಕ್ಬೇಡಿ. ಮೀನ್ ಬೇಡದವ್ರೂ ಫೋನ್ ಮಾಡುಕೆ ಶುರು ಮಾಡ್ತ್ರ್" ಎಂದಿದ್ದರು. ಹಾಗಾಗಿ ಹೆಸರಿಲ್ಲ.

ಅವರ ತವರು ಉಪ್ಪುಂದ. ಕೊಟ್ಟದ್ದು ಬಾರ್ಕೂರಿಗೆ, ಹೊಳೆಯ ಬದಿಯ ಮನೆಗೆ. ಗಂಡ ಬೋಟಿಗೆ ಹೋಗುತ್ತಿದ್ದವರು, ಸೊಂಟ ಹಿಡಿದ ಮೇಲೆ ಬಲೆ ರಿಪೇರಿ ಮಾಡಿಕೊಂಡಿದ್ದರು. ಮಾತು ಕಡಿಮೆಯ ಮನುಷ್ಯ. ಅಕ್ಕ ಬೆಳಿಗ್ಗೆ ಬಂದರಿನಲ್ಲಿ ಮೀನು ಕೊಂಡು ಬಸ್ಸು ಹತ್ತಿ, ಮಂದಾರ್ತಿ ದಾಟಿ ನಮ್ಮ ಕಡೆ ಬಂದು, ಬುಟ್ಟಿಯನ್ನು ತಲೆಯ ಮೇಲಿಟ್ಟು ಮನೆಮನೆ ತಿರುಗುತ್ತಿದ್ದರು. ಬಸ್ಸಿನಲ್ಲಿ ಬುಟ್ಟಿಗೆ ಜಾಗ ಹಿಂದಿನ ಸೀಟಿನ ಅಡಿ. ಕೆಲವರು ಮೂಗಿಗೆ ಸೆರಗು ಹಿಡಿಯುತ್ತಿದ್ದರಂತೆ. "ಮಧ್ಯಾಹ್ನ ಉಂಬತ್ತಿಗೆ ಅದೇ ಮೀನ್ ಬೇಕ್ ಅವ್ರಿಗೆ" ಎಂದು ನಗುತ್ತಿದ್ದರು.

ಕೊರೊನಾ ಕಳೆದ ಮೇಲೆ ಅವರು ನಂಬಿದ್ದ ಬಸ್ಸಿನ ಟ್ರಿಪ್ಪು ಮತ್ತೆ ಶುರುವಾಗಲೇ ಇಲ್ಲ. ಒಂದಷ್ಟು ದಿನ ರಿಕ್ಷಾ, ಒಂದಷ್ಟು ದಿನ ಯಾರದೋ ಟೆಂಪೋ. ಆಮೇಲೆ ಐವತ್ತರ ಹೊಸ್ತಿಲಿನಲ್ಲಿದ್ದ, ಸೈಕಲ್ಲನ್ನೂ ಮುಟ್ಟಿರದ ಹೆಂಗಸು ಒಂದು ಎಲೆಕ್ಟ್ರಿಕ್ ಬೈಕ್ ತಂದರು. ಕೊಯ್ಲಾದ ಗದ್ದೆಯಲ್ಲಿ ಕಲಿತರು. ಬಿದ್ದರೆ ಮಣ್ಣು ಮೆತ್ತಗಿರುತ್ತದೆ ಎಂಬುದು ಅವರ ಲೆಕ್ಕಾಚಾರ. ಬಿದ್ದದ್ದು ಮಾತ್ರ ಗದ್ದೆಯ ಅಂಚಿನ ಕಲ್ಲಿನ ಮೇಲೆಯೇ.

ಗಾಡಿಯಲ್ಲಿ ಮೊದಲ ಸಲ ಬಂದ ದಿನ ದೊಡ್ಡಮ್ಮ ಅಂಗಳದಲ್ಲಿ ಬೆನ್ನು ಹಾಕಿ ಕೂತು ಹಪ್ಪಳ ಒಣಗಿಸುತ್ತಿದ್ದರು. ಗಾಡಿಗೆ ಸದ್ದಿಲ್ಲ. ಅದನ್ನು ಕೆಳಗೆ ರಸ್ತೆಯಲ್ಲಿ ನಿಲ್ಲಿಸಿ, ಮೆಟ್ಟಿಲು ಹತ್ತಿ ಬಂದು ಬೆನ್ನ ಹಿಂದೆಯೇ "ಹ್ವಾಯ್" ಎಂದಾಗ ದೊಡ್ಡಮ್ಮನ ಕೈಯಲ್ಲಿದ್ದ ಹಪ್ಪಳ ಎರಡು ತುಂಡಾಯಿತು.

"ಹೀಂಗೆ ಕಳ್ಳರ ಹಾಂಗೆ ಬಂದ್ರೆ ಹ್ಯಾಂಗೆ ಮಾರಾಯ್ತಿ?"

"ಕರೆಂಟ್ ಗಾಡಿ ದೊಡ್ಡಮ್ಮ. ಕೂಗುದೆಲ್ಲ ನಾನೇ ಕೂಗ್ಕ್."

ಅಂದಿನಿಂದ ತಿರುವಿನಲ್ಲೇ ಅವರ ಉದ್ದನೆಯ "ಮೀ...ನ್" ಕೇಳುತ್ತಿತ್ತು. ಅವರಿಗೆ ಹೂವೆಂದರೆ ಅಬ್ಬಲಿಗೆ, ಘಟ್ಟದ ಮೇಲಿನವರ ಕನಕಾಂಬರ. ಹೆಲ್ಮೆಟ್ ಹಾಕಿದರೆ ಮುಡಿದ ಹೂವು ಅಪ್ಪಚ್ಚಿಯಾಗುತ್ತದೆಂದು ದಂಡೆಯನ್ನು ಹ್ಯಾಂಡಲ್ಲಿಗೆ ಸುತ್ತಿಕೊಂಡು ಬರುತ್ತಿದ್ದರು. ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಹೂವು ಬಿಚ್ಚಿ ಮುಡಿದು, ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡ ಮೇಲೆಯೇ ಮೀನಿನ ಪೆಟ್ಟಿಗೆಯ ಮುಚ್ಚಳ ತೆಗೆಯುವುದು. ಗಿರಾಕಿ ಎಷ್ಟೇ ಅವಸರ ಮಾಡಲಿ, ಈ ಕ್ರಮ ತಪ್ಪುತ್ತಿರಲಿಲ್ಲ.

ಒಮ್ಮೆ ಕಿರಿದಾದ ಸೇತುವೆಯ ಮೇಲೆ ಎದುರಿನಿಂದ ಬಸ್ಸು ಬಂತು. ಹಿಂದೆ ಇವರ ಬುಟ್ಟಿಯನ್ನು ಕಾಲಿನಲ್ಲಿ ಒಳಗೆ ತಳ್ಳುತ್ತಿದ್ದ ಕಂಡಕ್ಟರೇ ಬಾಗಿಲಲ್ಲಿ ನೇತಾಡುತ್ತಾ "ಹಿಂದೆ ಹೋಯ್ನಿ, ಹಿಂದೆ ಹೋಯ್ನಿ" ಎಂದನಂತೆ. ಅಕ್ಕ ಸೇತುವೆಯ ನಡುವೆ ಗಾಡಿ ನಿಲ್ಲಿಸಿ, "ಎಷ್ಟ್ ವರ್ಷ ಹಿಂದೆ ಹೋಪುದ್ ಮಾರಾಯ? ಇವತ್ತೊಂದಿನ ನೀವ್ ಹೋಯ್ನಿ" ಎಂದರಂತೆ. ಬಸ್ಸು ಹಿಂದೆ ಹೋಯಿತು. ಇದನ್ನು ಅವರು ಎಲ್ಲ ಮನೆಗಳಲ್ಲೂ ಹೇಳಿದರು. ಹೇಳಿದ ಹಾಗೆಲ್ಲ ಬಸ್ಸು ಇನ್ನಷ್ಟು ಹಿಂದೆ ಹೋಗುತ್ತಿತ್ತು.

ವ್ಯಾಪಾರದಲ್ಲಿ ಜೋರು. ಆದರೆ ನನ್ನ ಪಾತ್ರೆಯನ್ನು ಖಾಲಿಯಾಗಿಯೇ ವಾಪಸು ಕೊಟ್ಟ ದಿನಗಳೂ ಇವೆ. "ಇವತ್ತಿನ ಬಂಗ್ಡೆ ನಿಮ್ಗ್ ಬ್ಯಾಡ ಟೀಚರ್. ನಿನ್ನೆದ್. ಬೆಕ್ಕ್ ಸಾಂಕಿದವ್ರ್ ಮುಂದಿನ ಮನಿಯಂಗೆ ಇದ್ರ್, ಅಲ್ಲ್ ಕೊಡ್ತೆ."

ಎರಡನೆಯ ಮಳೆಗಾಲದ ಹೊತ್ತಿಗೆ ಅವರು ಬದಲಾದರು. ನಮ್ಮ ಕೇರಿಯ ಮನೆಗಳು ರಸ್ತೆಯಿಂದ ಮೇಲೆ, ಮುರಕಲ್ಲಿನ ಮೆಟ್ಟಿಲು ಹತ್ತಿ ಹೋಗಬೇಕು. ಮೊದಲೆಲ್ಲ ಬುಟ್ಟಿ ಹೊತ್ತು ಹತ್ತಿ ಬರುತ್ತಿದ್ದವರು ಈಗ ಕೆಳಗೇ ಗಾಡಿ ನಿಲ್ಲಿಸಿ ಹಾರ್ನ್ ಹೊಡೆಯತೊಡಗಿದರು. ಬೇಕಾದವರು ಇಳಿದು ಬರಬೇಕು. ಕೇರಿಯಲ್ಲಿ ಮಾತು ಶುರುವಾಯಿತು. "ಗಾಡಿ ಬಂದ್ ಮೇಲೆ ಕಾಲ್ ನೆಲಕ್ಕ್ ತಾಗುದಿಲ್ಲೆ" ಎಂದು ದೊಡ್ಡಮ್ಮ ಅವರ ಎದುರೇ ಅಂದರು.

"ಹೌದಬ್ಬಾ. ನಾನೀಗ ಸಾವ್ಕಾರ್ತಿ ಅಲ್ದಾ" ಎಂದು ಅಕ್ಕ ನಕ್ಕರು. ನಗುವಿನ ನಡುವೆ ಒಮ್ಮೆ ಕೆಮ್ಮಿ, ಪೆಟ್ಟಿಗೆಯ ಮೇಲೆ ಕೈಯೂರಿ ನಿಂತರು.

ಆಗ ಅವರಿಗೆ ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಉಸಿರು ಕಟ್ಟುತ್ತಿತ್ತು. ಮಲಗಿದರೆ ಎದೆಯ ಮೇಲೆ ಯಾರೋ ಕೂತಂತಾಗುತ್ತದೆಂದು ಗೋಡೆಗೆ ಒರಗಿಯೇ ನಿದ್ದೆ ಮಾಡುತ್ತಿದ್ದರು. ಇದನ್ನು ಗಂಡನಿಗೂ ಹೇಳಿರಲಿಲ್ಲ. ಹೇಳಿದರೆ ಮರುದಿನವೇ ಗಾಡಿ ಬಂದ್ ಎಂದು ಗೊತ್ತಿತ್ತು. ನೆಲಕ್ಕೆ ಕಾಲು ತಾಗಿದರೆ ಸೋಲುವ ಜೀವವನ್ನು ಆ ಗಾಡಿಯೇ ಹೊತ್ತು ತಿರುಗಿಸುತ್ತಿತ್ತು.

ಮಳೆ ಬಿಟ್ಟ ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಟು ಮೆಟ್ಟಿಲು ಇಳಿಯುತ್ತಿದ್ದೆ. ಅಕ್ಕ ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಹೂವು ಬಿಚ್ಚಿಕೊಳ್ಳದೆ ಮೆಟ್ಟಿಲಿನ ಬುಡದ ನಮ್ಮ ಗೇಟಿನ ಕಂಬ ಹಿಡಿದುಕೊಂಡರು. ಹಾಗೇ ಜಾರಿ ಕೂತರು. ತುಟಿ ನೀಲಿಯಾಗಿತ್ತು. ಕೆಮ್ಮಿದಾಗ ಸೆರಗಿಗೆ ತಿಳಿಗೆಂಪು ನೊರೆ ಹತ್ತಿತು.

"ಉಸ್ರ್ ಸಿಕ್ತಿಲ್ಲೆ ಟೀಚರ್."

ನಾನು ಕೂಗಿದೆ. ದೊಡ್ಡಮ್ಮ ಓಡಿ ಬಂದರು, ರಿಕ್ಷಾ ಬಂತು. ಬ್ರಹ್ಮಾವರದಲ್ಲಿ ಆಕ್ಸಿಜನ್ ಹಾಕಿ, ಅಲ್ಲಿಂದ ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ. ರಿಕ್ಷಾದಲ್ಲಿ ಅವರು ನನ್ನ ಕೈ ಹಿಸುಕಿ ಹೇಳಿದ್ದು ಗಂಡನ ಹೆಸರಲ್ಲ, ದೇವರ ಹೆಸರೂ ಅಲ್ಲ. "ಮೀನ್ ಹಾಳಾತ್ತ್. ದೊಡ್ಡಮ್ಮನತ್ರ ಹೇಳಿ, ಎಲ್ಲಾ ಮನಿಗೂ ಹಂಚುಕೆ."

ದೊಡ್ಡಮ್ಮ ಹಂಚಿದರು. ಆ ದಿನ ಕೇರಿಯ ಎಲ್ಲ ಮನೆಗಳಲ್ಲೂ ಕಾಣೆ ಎಂಬ ದುಬಾರಿ ಮೀನಿತ್ತು. ಉಣ್ಣಲು ಯಾರಿಗೂ ಮನಸ್ಸಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಹೃದಯದ ಒಂದು ಕವಾಟ ಕಿರಿದಾಗಿ ಗಟ್ಟಿಯಾಗಿತ್ತು. ಚಿಕ್ಕಂದಿನಲ್ಲಿ ಜ್ವರ ಬಂದು ಮೊಣಕಾಲು ಬಾತದ್ದುಂಟೇ ಎಂದು ಡಾಕ್ಟರು ಕೇಳಿದರು. ಉಂಟು. ಪ್ರೈಮರಿ ಶಾಲೆಯಲ್ಲಿದ್ದಾಗ, ಉಪ್ಪುಂದದಲ್ಲಿ. ತಾಯಿ ಸೊಂಟದ ಮೇಲೆ ಹೊತ್ತುಕೊಂಡು ಮದ್ದು ಕೊಡುವವರಲ್ಲಿಗೆ ಹೋಗಿದ್ದರು. ಜ್ವರ ಇಳಿಯಿತು, ಕಾಲು ಸರಿಯಾಯಿತು, ಎಲ್ಲರೂ ಮರೆತರು. ಎದೆಯೊಳಗೆ ಅದು ಬಿಟ್ಟು ಹೋದ ಹಾನಿ ಇಷ್ಟು ವರ್ಷ ತೆಗೆದುಕೊಂಡು ಹೊರಗೆ ಬಂದಿತ್ತು.

ಎದೆ ತೆರೆದು ಕವಾಟ ಬದಲಿಸಿದರು. ತಾಯಿ ನೋಡಲು ಬರಲಿಲ್ಲ. ಡಾಕ್ಟರು ಜ್ವರದ ವಿಷಯ ಕೇಳಿದ್ದು ಹೇಗೋ ಅವರ ಕಿವಿಗೆ ಬಿದ್ದಿತ್ತು. "ನಾನ್ ಅವತ್ತ್ ದೊಡ್ಡಾಸ್ಪತ್ರೆಗ್ ತಕಂಡ್ ಹೋಯ್ಕಿತ್ತ್. ಈಗ ಯಾವ ಮೋರೆ ಇಟ್ಕಂಡ್ ಬಪ್ಪುದ್?" ಎಂದು ಫೋನಿನಲ್ಲಿ ಒಮ್ಮೆ ಹೇಳಿದವರು ಆಮೇಲೆ ಫೋನನ್ನೂ ಎತ್ತುತ್ತಿರಲಿಲ್ಲ. ಅಕ್ಕನಿಗೆ ಕೊಯ್ದ ಎದೆಗಿಂತ ಇದು ಹೆಚ್ಚು ನೋಯುತ್ತಿತ್ತು.

ಅಕ್ಕ ಮನೆಗೆ ಬಂದ ಮೇಲೆ ನಾನು ಬಾರ್ಕೂರಿಗೆ ಹೋಗಿದ್ದೆ. ಸಪೂರವಾಗಿದ್ದರು. ದಿಂಬನ್ನು ಎದೆಗೆ ಅವಚಿಕೊಂಡು ಕೂತಿದ್ದರು, ಕೆಮ್ಮಿದರೆ ಹೊಲಿಗೆ ನೋಯಬಾರದೆಂದು.

"ಟೀಚರ್, ಹತ್ರ ಬನ್ನಿ. ಕೇಂತಾ?"

ಬಗ್ಗಿದೆ. ಟಿಕ್ ಟಿಕ್ ಎಂದು ಸಣ್ಣ ಸದ್ದು, ಕೈಗಡಿಯಾರದ ಹಾಗೆ. ಲೋಹದ ಕವಾಟ ತೆರೆದು ಮುಚ್ಚುವ ಸದ್ದು.

"ಈಗ ಗಾಡಿಗಿಂತ ನನ್ನದೇ ಸೌಂಡ್ ಜಾಸ್ತಿ" ಎಂದರು. ಗಂಡ ಹೊರಗೆ ಜಗಲಿಯಲ್ಲಿ ಬಲೆಯ ತೂತು ಹೆಣೆಯುತ್ತಿದ್ದರು. ಅವರತ್ತ ಕಣ್ಣು ತೋರಿಸಿ ದನಿ ತಗ್ಗಿಸಿದರು. "ಇವ್ರಿಗೆ ಆ ಸದ್ದ್ ಕೇಣದಿದ್ರೆ ಎದ್ದ್ ಕೂಕಂತ್ರ್. ನಾನ್ ಮಗ್ಗಲ್ ತಿರ್ಗಿ ಮಲ್ಕಂಬುಕೂ ಇಲ್ಲೆ."

ಗಾಡಿ ದನದ ಹಟ್ಟಿಯಲ್ಲಿ ಟಾರ್ಪಾಲಿನ ಕೆಳಗೆ ಸೇರಿತ್ತು. ಕೀ ಗಂಡನ ಬನಿಯನ್ನಿನ ಒಳಜೇಬಿನಲ್ಲಿ. ಮಾರಿಬಿಡುವುದೆಂದು ಅವರು ನಿಶ್ಚಯಿಸಿದ್ದರು. ಅದಕ್ಕೆ ಕಾರಣವೂ ಇತ್ತು. ಕವಾಟದಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಅಕ್ಕ ಜೀವಮಾನವಿಡೀ ಮಾತ್ರೆ ತಿನ್ನಬೇಕು. ಆ ಮಾತ್ರೆಯಿಂದ ಚಿಕ್ಕ ಗಾಯದ ರಕ್ತವೂ ಬೇಗ ನಿಲ್ಲುವುದಿಲ್ಲ. ಮೀನಿನ ಮುಳ್ಳು ಚುಚ್ಚಿದರೂ ಕಷ್ಟ. ಗಾಡಿಯಿಂದ ಬಿದ್ದು ತಲೆಗೆ ಪೆಟ್ಟಾದರೆ ಹೇಳುವುದೇ ಬೇಡ.

ನಾನಿದ್ದಾಗಲೇ ಮಾತು ಬಂತು. ಆ ಮನುಷ್ಯ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಟೀಚರ್, ನೀವಾದ್ರೂ ಹೇಳಿ. ನಾನ್ ಕಡ್ಲಂಗೆ ಗಾಳಿ ಮಳಿ ಎಲ್ಲ ಕಂಡವ. ಆಪರೇಶನ್ ಬಾಗ್ಲ್ ಎದ್ರ್ ಕೂಕಂಡ ಹೊತ್ತಿನ ಹೆದ್ರಿಕೆ ಯಾವತ್ತೂ ಕಂಡದ್ದಿಲ್ಲೆ. ಇವ್ಳ್ ಮತ್ತೆ ರೋಡಿಗ್ ಹೋದ್ರೆ ನಾನ್ ದಿನಾ ಆ ಬಾಗ್ಲ್ ಎದ್ರೇ ಕೂಕಂಡ ಹಾಂಗೆ. ನಂಗ್ ಇವ್ಳ್ ಬೇಕ್. ಮೀನ್ ಬ್ಯಾಡ, ದುಡ್ಡ್ ಬ್ಯಾಡ."

ಅಕ್ಕ ಎದೆಗೆ ಅವಚಿದ್ದ ದಿಂಬನ್ನು ತೆಗೆದು ಬದಿಗಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು. "ಎದಿ ಕೊಯ್ದ್ ಬದ್ಕ್ಸಿದ್ದ್ ಈ ಮೂಲೆಯಂಗೆ ಕೂಕಂಬುಕಾ? ಹಾಂಗಾರೆ ಅಷ್ಟೆಲ್ಲ ಎಂತಕ್ ಮಾಡ್ದ್ರ್? ಡಾಕ್ಟರತ್ರ ಕೇಂಬ. ಅವ್ರ್ ಬ್ಯಾಡ ಅಂದ್ರೆ ಕೀ ನಿಮ್ಮತ್ರವೇ ಇರ್ಲಿ. ನಾನ್ ಮತ್ತೆ ಬಾಯಿ ಬಿಡುದಿಲ್ಲೆ."

ಕೇಳುವ ದಿನ ಬರಲು ತಿಂಗಳುಗಳೇ ಹಿಡಿದವು. ಅಲ್ಲಿಯವರೆಗೆ ಅವರು ಆಸ್ಪತ್ರೆಯವರು ಹೇಳಿದಂತೆ ನಡೆದರು. ಮೊದಲು ಬಾಗಿಲಿನಿಂದ ಬಾವಿಕಟ್ಟೆಯವರೆಗೆ, ಆಮೇಲೆ ತೋಟದ ಕೊನೆಯ ತೆಂಗಿನ ಮರದವರೆಗೆ, ಆಮೇಲೆ ಹೊಳೆಯ ದಂಡೆಯುದ್ದಕ್ಕೂ. ಗಂಡ ಹಿಂದೆಯೇ, ಬಲೆ ಒಣಗಿಸುವ ನೆವದಲ್ಲಿ.

ಡಾಕ್ಟರ ಕೋಣೆಯಲ್ಲಿ ಆದದ್ದನ್ನು ಅಕ್ಕ ಅಭಿನಯಿಸಿ ತೋರಿಸಿದ್ದರು. ಡಾಕ್ಟರು ಎಲ್ಲ ಪರೀಕ್ಷೆ ನೋಡಿ, ಎದೆಯ ಮೂಳೆ ಕೂಡಿದೆ, ಕವಾಟ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದರಂತೆ. ಗಾಡಿ ಓಡಿಸಬಹುದು, ನಿಧಾನವಾಗಿ. ಭಾರದ ಪೆಟ್ಟಿಗೆ ಎತ್ತಬಾರದು, ರಕ್ತಪರೀಕ್ಷೆ ತಪ್ಪಿಸಬಾರದು, ಹೆಲ್ಮೆಟ್ ಬಿಡಬಾರದು. "ಬೀಳಬಾರದು" ಎಂದೂ ಸೇರಿಸಿದರಂತೆ. ಅದಕ್ಕಿವರು, "ಬೇಕಂತ ಯಾರ್ ಬೀಳ್ತ್ರ್ ಡಾಕ್ಟ್ರೇ" ಎಂದರಂತೆ. ಡಾಕ್ಟರು ನಕ್ಕು ಗಂಡನ ಕಡೆ ತಿರುಗಿ, "ಇವರನ್ನು ಮನೆಯಲ್ಲಿ ಕೂರಿಸಿದರೆ ನಿಮಗೇ ಕಷ್ಟ" ಎಂದರಂತೆ. ಗಂಡ ಬನಿಯನ್ನಿನ ಜೇಬಿಗೆ ಕೈಹಾಕಿ, ಅಲ್ಲೇ ಡಾಕ್ಟರ ಎದುರೇ, ಕೀ ತೆಗೆದು ಕೊಟ್ಟರು. ಅಭಿನಯ ಅಲ್ಲಿಗೆ ನಿಂತಿತು. ಆ ಕೀ ಕೊಟ್ಟ ಕೈಯನ್ನು ಅಕ್ಕ ನಮಗೆ ಅಭಿನಯಿಸಿ ತೋರಿಸಲಿಲ್ಲ.

ಗಾಡಿ ಚಾಲೂ ಆಗಲಿಲ್ಲ. ಇಷ್ಟು ದಿನ ಚಾರ್ಜ್ ಇಲ್ಲದೆ ಬಿದ್ದು ಬ್ಯಾಟರಿ ಹೋಗಿತ್ತು. ಬಿಡದೆ ಓಡಿಸುತ್ತಿದ್ದರೆ ಹಾಳಾಗುತ್ತಿರಲಿಲ್ಲ ಎಂದು ಬ್ರಹ್ಮಾವರದ ಮೆಕ್ಯಾನಿಕ್ ಹೇಳಿದ. ಅಕ್ಕ ಅವನಿಂದ ಅದನ್ನು ಇನ್ನೊಮ್ಮೆ ಹೇಳಿಸಿದರು, ಗಂಡನಿಗೆ ಸರಿಯಾಗಿ ಕೇಳುವ ಹಾಗೆ.

ಹೊಸ ಬ್ಯಾಟರಿ ಹಾಕಿಸಿದ್ದಾಯಿತು. ಮೊದಲ ದಿನಕ್ಕೆ ಗಂಡನದೊಂದು ಷರತ್ತು. ಒಬ್ಬಳೇ ಹೋಗಬಾರದು. ತಾನು ಹಿಂದೆ ಕೂರುವುದಿಲ್ಲ, ನೋಡಲಾಗುವುದಿಲ್ಲ. ಹೀಗಾಗಿ ಒಂದು ಭಾನುವಾರ ಬೆಳಿಗ್ಗೆ ನಾನು ಬಾರ್ಕೂರಿನಲ್ಲಿದ್ದೆ, ಗಾಡಿಯ ಮೇಲೆ ಮೀನಿನ ಪೆಟ್ಟಿಗೆ ಕಟ್ಟುತ್ತಿದ್ದ ಜಾಗದಲ್ಲಿ, ಕಾವಲುಗಾರ್ತಿಯಾಗಿ. ಗಾಡಿ ಬಿಡುವುದು ನನಗೆ ಬಾರದು. ಏನಾದರೂ ಆದರೆ ಕೂಗುವುದಷ್ಟೇ ನನ್ನ ಕೈಲಾಗುತ್ತಿತ್ತು.

"ಇವತ್ತ್ ನನ್ನ್ ಮೀನ್ ನೀವೇ. ಗಟ್ಟಿ ಹಿಡ್ಕಣಿ" ಎಂದರು.

ಗದ್ದೆ ಬಯಲಿನ ರಸ್ತೆ. ಎರಡೂ ಕಡೆ ಪೈರು ಮೊಣಕಾಲೆತ್ತರ. ಮಂದಾರ್ತಿಯವರೆಗೆ ಅವರ ಕಣ್ಣು ರಸ್ತೆಯಿಂದ ಕದಲಲಿಲ್ಲ. ಗುಂಡಿ ಕಂಡಾಗ ಬೇಗನೇ ನಿಧಾನ ಮಾಡುತ್ತಿದ್ದರು, ಹಿಂದಿನಿಂದ ಕಾರು ಹಾರ್ನ್ ಹೊಡೆದರೆ ಬದಿಗೆ ಸರಿಯುತ್ತಿದ್ದರು. ಬಸ್ಸನ್ನು ಹಿಂದೆ ಕಳಿಸಿದ ಹೆಂಗಸು ಇವರೇನಾ ಅನ್ನಿಸಿತು. ಕೊಕ್ಕರ್ಣೆಗೆ ಮೊದಲು ಒಂದು ಏರು ಸಿಗುತ್ತದೆ. ಅದರ ಬುಡದಲ್ಲಿ ಗಾಡಿ ನಿಲ್ಲಿಸಿ, ಸ್ಟ್ಯಾಂಡ್ ಹಾಕಿ, ಮೋರಿಕಟ್ಟೆಯ ಮೇಲೆ ಕೂತರು. ಬಿಟ್ಟ ಮೇಲೂ ಅವರ ಬೆರಳುಗಳು ಹ್ಯಾಂಡಲ್ ಹಿಡಿದಂತೆಯೇ ಮಡಚಿಕೊಂಡಿದ್ದವು.

"ಎದೆ ನೋವಾ ಅಕ್ಕ?"

"ಎದಿಯಂಗೆ ಎಂತದೂ ಇಲ್ಲೆ. ಹೆದ್ರಿಕೆ ಇಪ್ಪುದ್ ಕೈಯಂಗೆ."

"ವಾಪಸ್ ಹೋಪ. ಯಾರೂ ಎಂತದೂ ಹೇಳುದಿಲ್ಲೆ."

"ಯಾರೂ ಹೇಳುದಿಲ್ಲೆ, ಗೊತ್ತಿತ್ತ್." ನೀರು ಕುಡಿದರು. ಏರಿನ ಕಡೆ ನೋಡುತ್ತಾ ಕೂತರು. "ನಿಮ್ಮ್ ಗೇಟಿನತ್ರ ಬಿದ್ದ ದಿನ ಇದೇ ಏರ್ ಹತ್ತಿ ಬಂದದ್ದ್ ಟೀಚರ್. ಆಚೆ ಬದಿಗ್ ಇಳಿತನಕ ಉಸ್ರೇ ಇರ್ಲಿಲ್ಲೆ. ಇವತ್ತ್ ಇಲ್ಲಿಂದ ತಿರ್ಗಿದ್ರೆ ನಾನ್ ಮತ್ತೆ ಯಾವತ್ತೂ ಹತ್ತುದಿಲ್ಲೆ."

ಎದ್ದರು. ಕೈಗಳನ್ನು ಸೀರೆಗೆ ಒರೆಸಿಕೊಂಡು ಹ್ಯಾಂಡಲ್ ಹಿಡಿದರು. ಏರು ಹತ್ತುವಾಗ ನಾನು ಅವರ ಬೆನ್ನಿಗೆ ಅಂಟಿಕೊಂಡೇ ಕೂತಿದ್ದೆ. ಟಿಕ್ ಟಿಕ್ ನನಗೆ ಕೇಳುತ್ತಿತ್ತು, ಒಂದೇ ಲಯದಲ್ಲಿ. ಲಯ ತಪ್ಪಿದ್ದು ನನ್ನ ಎದೆಯದು. ಗಾಡಿ ತುದಿ ಮುಟ್ಟಿತು. ಇಳಿಜಾರಿನಲ್ಲಿ ಅಕ್ಕ ಮೀನಿಲ್ಲದೆ, ಗಿರಾಕಿಯಿಲ್ಲದೆ, ಉದ್ದಕ್ಕೆ ಒಮ್ಮೆ "ಮೀ...ನ್" ಎಂದು ಕೂಗಿದರು.

ಕೊಕ್ಕರ್ಣೆಯ ಬಸ್‌ಸ್ಟ್ಯಾಂಡಿನಲ್ಲಿ ಅವರ ಗಂಡ ನಿಂತಿದ್ದರು. ಮೊದಲ ಬಸ್ಸಿಗೇ ಬಂದಿರಬೇಕು. ಮಡಿಸಿದ ಕೊಡೆ ಊರಿಕೊಂಡು ಅಂಗಡಿಯ ಬೋರ್ಡು ಓದುವವರ ಹಾಗೆ ನೋಡುತ್ತಿದ್ದರು.

"ನೀವೆಂತ ಇಲ್ಲ್?" ಎಂದರು ಅಕ್ಕ.

"ಎಂತದಿಲ್ಲೆ. ಸಾಮಾನ್ ತಕಂಬುಕ್ ಬಂದೆ."

ಕೈಯಲ್ಲಿ ಚೀಲ ಇರಲಿಲ್ಲ. ಅಕ್ಕ ಅದನ್ನು ನೋಡಿದರು, ನಗಲಿಲ್ಲ. "ಟೀಚರ ಮನೆ ಇಲ್ಲೇ ಹತ್ರ. ನೀವ್ ಕೂಕಣಿ, ಹೋಪ" ಎಂದರು. ಅವರು ಒಂದು ಗಳಿಗೆ ತಡೆದು, ಆಮೇಲೆ ಹಿಂದೆ ಕೂತರು. ಅವರಿಬ್ಬರೂ ತಿರುವು ದಾಟುವವರೆಗೆ ನಾನು ನಿಂತು ನೋಡಿದೆ. ಆ ಮನುಷ್ಯನ ಒಂದು ಕೈ ಹೆಂಡತಿಯ ಹೆಗಲ ಮೇಲಿತ್ತು.

ಮತ್ತೆ ಮೀನು ಬರತೊಡಗಿತು. ಗಂಡ ಬೆಳಿಗ್ಗೆ ಪೆಟ್ಟಿಗೆ ಎತ್ತಿ ಕಟ್ಟಿಕೊಡುತ್ತಿದ್ದರು. ಅಕ್ಕ ದಪ್ಪ ರಬ್ಬರಿನ ಗವಸು ಹಾಕಿ ಮೀನು ತೆಗೆಯುತ್ತಿದ್ದರು. ಯಾರಾದರೂ ಕೊಯ್ದು ಕೊಡಿ ಎಂದರೆ "ಕತ್ತಿ ನಿಮ್ದ್, ಮೀನ್ ನಂದ್" ಎನ್ನುತ್ತಿದ್ದರು. ಮೆಟ್ಟಿಲು ಹತ್ತಲು ಅವರನ್ನು ಯಾರೂ ಕರೆಯಲಿಲ್ಲ. ದೊಡ್ಡಮ್ಮ ಎಲ್ಲರಿಗಿಂತ ಮೊದಲು ಪಾತ್ರೆ ಹಿಡಿದು ಇಳಿದು ಬಂದು ರಸ್ತೆ ಬದಿಯಲ್ಲಿ ಕಾಯುತ್ತಿದ್ದರು. ಅಕ್ಕ ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಹೋಗುವ ದಿನ ಕೇರಿಯಲ್ಲಿ ಎಲ್ಲರಿಗೂ ಗೊತ್ತಿರುತ್ತಿತ್ತು. ಮರುದಿನ ಮೀನಿನ ದರ ಕೇಳುವ ಮೊದಲು ಅದರ ವಿಚಾರ.

ಅದೇ ವರ್ಷ ನನಗೆ ಬೈಂದೂರು ಕಡೆಗೆ ವರ್ಗವಾಯಿತು. ಮನೆ ಸಿಕ್ಕಿದ್ದು ಉಪ್ಪುಂದದಲ್ಲಿ. ಹೊರಡುವಾಗ ಅಕ್ಕ ಒಂದೇ ಕೆಲಸ ಹೇಳಿದರು. "ನಮ್ಮಬ್ಬಿಯನ್ ಒಮ್ಮೊಮ್ಮೆ ಕಂಡ್ಕಂಡ್ ಬನ್ನಿ. ನನ್ನತ್ರ ಮಾತಾಡುದಿಲ್ಲೆ ಅವ್ರ್."

ಅವರ ತಾಯಿಯ ಮನೆ ನನ್ನ ಮನೆಯಿಂದ ನಡೆಯುವಷ್ಟೇ ದೂರ. ಎಂಬತ್ತು ದಾಟಿದ ನೆಟ್ಟನೆಯ ಮುದುಕಿ. ಹೋದಾಗಲೆಲ್ಲ ಚಾ ಕೊಡುತ್ತಿದ್ದರು, ಮಗಳ ಹೆಸರೆತ್ತುತ್ತಿರಲಿಲ್ಲ. ನಾನು ಎದ್ದು ಹೊರಟ ಮೇಲೆ, ಬಾಗಿಲಿಗೆ ಬಂದು, "ಅವ್ಳ್ ನಡೀತ್ಲಾ?" ಎಂದು ಕೇಳುತ್ತಿದ್ದರು. ನಡೆಯುತ್ತಾರೆ, ಗಾಡಿಯನ್ನೂ ಬಿಡುತ್ತಾರೆ ಎಂದರೆ ನನ್ನ ಮುಖವನ್ನೇ ನೋಡುತ್ತಿದ್ದರು. ನಂಬುತ್ತಿರಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡಿದ್ದರು.

ಇದನ್ನು ನಾನು ಅಕ್ಕನಿಗೆ ಫೋನಿನಲ್ಲಿ ತಿಳಿಸಿದೆ. "ಹಾಂಗಾ" ಎಂದರು, ಅಷ್ಟೇ.

ಆಮೇಲೆ ಒಂದು ರಜೆಯ ದಿನ ನಾನು ಆ ಅಂಗಳದಲ್ಲಿ ಕೂತಿದ್ದೆ. ತಾಯಿ ಒಣಮೀನು ಹರಡುತ್ತಿದ್ದರು. ಗೇಟಿನಲ್ಲಿ ಗಾಡಿ ಬಂದು ನಿಂತಿತು. ಹೆಲ್ಮೆಟ್ ತೆಗೆದಾಗ ಬೆವರಿನಲ್ಲಿ ತೊಯ್ದ ಮುಖ, ಕೂದಲೆಲ್ಲ ಹಣೆಗಂಟಿತ್ತು. ಬಾರ್ಕೂರಿನಿಂದ ಉಪ್ಪುಂದಕ್ಕೆ, ಲಾರಿಗಳು ಓಡುವ ಹೈವೇಯಲ್ಲಿ, ಅರ್ಧ ದಿನ ತೆಗೆದುಕೊಂಡು ಬಂದಿದ್ದರು.

ತಾಯಿ ಎದ್ದು ನಿಂತರು. ಮಗಳನ್ನು ಮೇಲಿಂದ ಕೆಳಗೆ ನೋಡಿದರು.

"ಒಬ್ಳೇ ಬಂದ್ಯಾ?"

"ಒಬ್ಳೇ ಬಂದೆ ಅಬ್ಬಿ."

"ಬಾರ್ಕೂರಿಂದ?"

"ಬಾರ್ಕೂರಿಂದ. ಕುಂದಾಪ್ರದಂಗೆ ಪರಿಚಯದ ಹೋಟ್ಲಲ್ಲ್ ಗಾಡಿ ಚಾರ್ಜಿಗ್ ಹಾಕಿ ಚಾ ಕುಡ್ದೆ. ಮರವಂತೆಯಂಗೆ ನಿಂತ್ ಸಮುದ್ರ ಕಂಡೆ. ಅವಸರ ಮಾಡ್ಲಿಲ್ಲೆ."

ಮುದುಕಿ ತಿರುಗಿ ಒಳಗೆ ಹೋದರು. ಅಕ್ಕನ ಮುಖ ಸಣ್ಣದಾಯಿತು. ಗಾಡಿಯ ಸೀಟಿನ ಮೇಲೆ ಕೈಯಿಟ್ಟುಕೊಂಡು ಬಿಸಿಲಿನಲ್ಲೇ ನಿಂತರು. ಒಳಗೆ ಅಳುತ್ತಿರಬಹುದು, ಹೋಗಿ ನೋಡಲೇ ಎಂದು ನಾನು ಏಳುವಷ್ಟರಲ್ಲಿ ಮುದುಕಿ ಹೊರಗೆ ಬಂದರು. ಮದುವೆ ಮನೆಗೆ ಉಡುವಂಥ ಸೀರೆ ಉಟ್ಟಿದ್ದರು. ತಲೆ ಬಾಚಿದ್ದರು. ಕಣ್ಣು ಕೆಂಪಾಗಿತ್ತು, ಆದರೆ ನಡೆ ಜೋರಾಗಿತ್ತು. ಸೀದಾ ಗಾಡಿಯ ಹತ್ತಿರ ಹೋದರು.

"ಹ್ಯಾಂಗೆ ಕೂಕಂಬುದ್ ಇದ್ರ್ ಮೇಲೆ?"

"ಎಲ್ಲಿಗ್ ಅಬ್ಬಿ?"

"ಪೇಟಿಗೆ."

"ಪೇಟೆಯಂಗೆ ಎಂತ ಕೆಲ್ಸ?"

"ಕೆಲ್ಸ ಎಂತದಿಲ್ಲೆ. ನಾಲ್ಕ್ ಜನ ಕಾಣ್ಲಿ."

ನಾನು ಹಿಡಿದುಕೊಂಡೆ, ಅವರು ಒಂದೇ ಬದಿಗೆ ಕಾಲು ಹಾಕಿ ಕೂತರು. ಅಕ್ಕ ತಿರುಗಿ ತಾಯಿಯ ಕೈಯನ್ನು ತಮ್ಮ ಸೊಂಟದ ಸುತ್ತ ಬಿಗಿಯಾಗಿ ಇಡಿಸಿಕೊಂಡು, ಮೆಲ್ಲಗೆ ಗಾಡಿ ಹೊರಡಿಸಿದರು. ಗೇಟು ದಾಟುವಷ್ಟರಲ್ಲೇ ಮುದುಕಿ "ನಿಲ್ಸ್, ನಿಲ್ಸ್" ಎಂದರು. ಎದುರು ಮನೆಯ ಜಗಲಿಯಲ್ಲಿ ಇಬ್ಬರು ಹೆಂಗಸರು ತೆಂಗಿನ ಗರಿ ಹೆಣೆಯುತ್ತಾ ಕೂತಿದ್ದರು. ಮುದುಕಿ ಗಾಡಿಯ ಮೇಲಿಂದಲೇ ಅವರನ್ನು ಕರೆದು, ಇಡೀ ಕೇರಿಗೆ ಕೇಳುವ ದನಿಯಲ್ಲಿ ಹೇಳಿದರು.

"ಹ್ವಾಯ್, ಕಂಡ್ರ್ಯಾ? ನನ್ನ್ ಮಗಳ್. ಬಾರ್ಕೂರಿಂದ ಒಬ್ಳೇ ಗಾಡಿ ಬಿಟ್ಕಂಡ್ ಬಂದದ್ದ್."